ಸಾಬೂನಿನ ರುಚಿಯ ನೂಲು

ಹೊಸ ಹತ್ತಿ ಬಟ್ಟೆಯನ್ನು ಮೊದಲ ಸಲ ಸಾಬೂನು ನೀರಿನಲ್ಲಿ ನೆನೆಹಾಕಿದಾಗ ಒಂದು ವಾಸನೆ ಬರುತ್ತದೆ. ಅದು ಪೂರ್ತಿ ಸಾಬೂನಿನದೂ ಅಲ್ಲ, ಪೂರ್ತಿ ಬಟ್ಟೆಯದೂ ಅಲ್ಲ. ಹೋದ ವಾರ ಸಿರುಗುಪ್ಪದ ನಮ್ಮ ಮನೆಯಲ್ಲಿ ಹೊಸ ಹೊದಿಕೆಯೊಂದನ್ನು ಬಕೆಟ್ಟಿಗೆ ಹಾಕಿ ಕೈಯಾಡಿಸಿದೆ. ಆ ವಾಸನೆ ಮೂಗಿಗೆ ಬಡಿಯಿತು. ಒಲೆಯ ಮೇಲೆ ಹಾಲಿಟ್ಟದ್ದು ಮರೆತು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಬಳ್ಳಾರಿಯಲ್ಲಿ ಒಂದು ಬೇಸಿಗೆ ಮತ್ತು ಅದರ ಬೆನ್ನಿಗೆ ಬಂದ ಮಳೆಗಾಲ ಪೂರ್ತಿ ನಾನು ಉಸಿರಾಡಿದ್ದು ಇದೇ ವಾಸನೆಯನ್ನು.

ಈಗ ನಾನು ಇಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪ್ರಾಕ್ಟಿಕಲ್ ರೆಕಾರ್ಡ್ ತಂದುಕೊಟ್ಟ ಮಕ್ಕಳನ್ನು ಉತ್ತರ ಸರಿಯೇ ತಪ್ಪೇ ಎಂದು ನೋಡುವ ಮೊದಲು, ಯಾರು ಅಳೆದದ್ದು, ಎಲ್ಲಿ ಕೂತು ಅಳೆದದ್ದು, ಪಕ್ಕದಲ್ಲಿ ಯಾರಿದ್ದರು ಎಂದು ಕೇಳುತ್ತೇನೆ. ಬೆನ್ನ ಹಿಂದೆ ಅವರು ನನ್ನನ್ನು ಪೊಲೀಸ್ ಮೇಡಂ ಎನ್ನುತ್ತಾರಂತೆ. ಅನ್ನಲಿ. ಆ ವರ್ಷ ನಾನು ಮಾಡಿದ್ದನ್ನು ಅವರು ಮಾಡದಿದ್ದರೆ ಸಾಕು.

ಅದು ನನ್ನ ಪಿಎಚ್‌ಡಿಯ ಕೊನೆಯ ವರ್ಷ. ಫೆಲೋಶಿಪ್ಪು ಮಳೆಗಾಲದ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಒಂದು ಲೇಖನ ಒಳ್ಳೆಯ ವಿಜ್ಞಾನ ಪತ್ರಿಕೆಯಲ್ಲಿ ಒಪ್ಪಿಗೆಯಾಗಬೇಕು. ಆಗದಿದ್ದರೆ ಪ್ರಬಂಧ ಸಲ್ಲಿಸುವಂತಿಲ್ಲ. ನಾನು ಹಿಡಿದಿದ್ದ ಕೆಲಸ ಹತ್ತಿ ನೂಲಿಗೆ ಇಂಗಾಲದ ನ್ಯಾನೊ ಕೊಳವೆಗಳನ್ನು ಹಚ್ಚಿ ಅದರಲ್ಲಿ ವಿದ್ಯುತ್ ಹರಿಸುವುದು. ದೇಶನೂರಿನಲ್ಲಿ ಭತ್ತ ಬೆಳೆಯುವ ನಮ್ಮಪ್ಪನಿಗೆ ಇದನ್ನು ಹೇಳಿದಾಗ ಅವನು, "ತಂತಿ ಏನ್ ತಪ್ಪು ಮಾಡೈತಿ?" ಎಂದು ಕೇಳಿದ್ದ.

ತಂತಿಯ ತಪ್ಪೇನೂ ಇಲ್ಲ. ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳು ಅಲುಗಾಡುತ್ತಿರುವ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತ, ದಿಕ್ಕು ತಪ್ಪುತ್ತ, ತಂತಿಯನ್ನು ಬಿಸಿ ಮಾಡುತ್ತ ಸಾಗುತ್ತವೆ. ಇಂಗಾಲದ ಕೊಳವೆಯ ಕಥೆ ಬೇರೆ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೂ ಇಂಗಾಲವೇ. ಅದರ ಒಂದೇ ಒಂದು ಪದರವನ್ನು, ಅಂದರೆ ಒಂದು ಪರಮಾಣುವಿನಷ್ಟೇ ದಪ್ಪದ ಹಾಳೆಯನ್ನು, ಚಾಪೆ ಸುತ್ತಿದಂತೆ ಸುತ್ತಿದರೆ ಈ ಕೊಳವೆ. ನಮ್ಮ ಒಂದು ತಲೆಗೂದಲಿನ ಅಗಲದಲ್ಲಿ ಇಂಥವು ಸಾವಿರಗಟ್ಟಲೆ ಪಕ್ಕಪಕ್ಕ ಹಿಡಿಸುತ್ತವೆ. ಸುತ್ತಿದ ಓರೆ ಸ್ವಲ್ಪ ಬದಲಾದರೂ ಒಂದು ಕೊಳವೆ ಲೋಹದಂತೆ ವಿದ್ಯುತ್ತನ್ನು ಬಿಡುತ್ತದೆ, ಇನ್ನೊಂದು ಹಿಡಿದು ಹಿಡಿದು ಬಿಡುತ್ತದೆ. ಕೊಳವೆ ಗಿಡ್ಡಗಿದ್ದು ಕಲೆ ಇಲ್ಲದಿದ್ದರೆ ಎಲೆಕ್ಟ್ರಾನು ಈ ಕಡೆಯಿಂದ ಹೊಕ್ಕು ಎಲ್ಲಿಯೂ ಡಿಕ್ಕಿ ಹೊಡೆಯದೆ ಆ ಕಡೆ ಬಂದುಬಿಡುತ್ತದೆ. ಆಗಲೂ ತಡೆ ಸೊನ್ನೆಯಾಗುವುದಿಲ್ಲ. ಹೊಗುವ ಬಾಯಿ ಮತ್ತು ಹೊರಡುವ ಬಾಯಿಯಲ್ಲಿ ಒಂದಿಷ್ಟು ತಡೆ ಇದ್ದೇ ಇರುತ್ತದೆ.

ನನ್ನ ಗೈಡು ಪಂಪಾಪತಿ ಸರ್ ಇದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಿದ್ದರು. ಅವರು ಕುರುಗೋಡಿನವರು. ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬಂದುಹೋಗುತ್ತಿದ್ದರು. "ನೋಡಮ್ಮ, ಒಂದ ಕೊಳವಿ ಅಂದ್ರ ನಡುವ ಎಲ್ಲೂ ನಿಲ್ಲಲಾರದ ಬಸ್ಸು. ಆದರ ನಿನ್ನ ನೂಲಿನಾಗ ಲಕ್ಷಗಟ್ಟಲೆ ಗಿಡ್ಡ ಗಿಡ್ಡ ಕೊಳವಿ ಅದಾವು. ಕರೆಂಟು ಇದರಿಂದ ಇಳಿದು ಅದಕ್ಕ ಹತ್ತಬೇಕು. ಹೊತ್ತು ಹೋಗೋದು ಬಸ್ಸಿನಾಗಲ್ಲ, ಬಸ್ ಬದಲಿ ಮಾಡೋದ್ರಾಗ." ಐದು ವರ್ಷದಲ್ಲಿ ಈ ಮಾತನ್ನು ಅವರು ನೂರು ಸಲ ಹೇಳಿರಬೇಕು. ನಾನು ನೂರು ಸಲವೂ ತಲೆಯಾಡಿಸಿದ್ದೆ.

ಕೆಲಸ ನೋಡಲು ಸರಳ. ಕೊಳವೆಗಳು ಕರಿ ಪುಡಿಯ ರೂಪದಲ್ಲಿ ಡಬ್ಬಿಯಲ್ಲಿ ಬರುತ್ತವೆ. ನೀರಿನಲ್ಲಿ ತಾವಾಗಿಯೇ ಕರಗುವುದಿಲ್ಲ, ಗುಂಪುಗೂಡಿ ಕೂತುಬಿಡುತ್ತವೆ. ಅದಕ್ಕೆ ಒಂದು ಬಗೆಯ ಸಾಬೂನು ಹಾಕಿ ಕದಡಬೇಕು. ಸಾಬೂನು ಒಂದೊಂದು ಕೊಳವೆಗೂ ಅಂಟಿ ಅವನ್ನು ಬೇರೆ ಬೇರೆ ಇಡುತ್ತದೆ. ಆ ಕರಿ ನೀರಿಗೆ ನೂಲನ್ನು ಅದ್ದಿ ಒಣಗಿಸಿ, ಮತ್ತೆ ಅದ್ದಿ ಒಣಗಿಸಿ, ಹೀಗೆ ಹತ್ತು ಸಲ. ಆಮೇಲೆ ನೂಲನ್ನು ನೆಟ್ಟಗೆ ಎಳೆದು ಗಾಜಿನ ಪಟ್ಟಿಯ ಮೇಲೆ ಕಟ್ಟಿ, ಬೆಳ್ಳಿಯ ಅಂಟಿನಿಂದ ನಾಲ್ಕು ಚುಕ್ಕೆ ಇಟ್ಟು ಅಳೆಯಬೇಕು. ಹೊರಗಿನ ಎರಡು ಚುಕ್ಕೆಯಲ್ಲಿ ವಿದ್ಯುತ್ ಬಿಟ್ಟು ಒಳಗಿನ ಎರಡರಲ್ಲಿ ವೋಲ್ಟೇಜು ನೋಡುವುದು.

ನನಗೆ ಕೈಕೊಟ್ಟದ್ದು ನೆಟ್ಟಗೆ ಎಳೆದು ಕಟ್ಟುವ ಕೆಲಸ. ಒಣಗಿದ ನೂಲು ಗಡುಸಾಗಿ ಸುರುಳಿಯಾಗುತ್ತಿತ್ತು. ನಾನು ಕಟ್ಟಿದರೆ ಕೆಲವು ಮುರಿದವು, ಕೆಲವು ಜೋತುಬಿದ್ದವು. ಏಪ್ರಿಲ್ಲಿನ ಬಳ್ಳಾರಿ ಸೆಕೆಯಲ್ಲಿ ಕೈಗವಸಿನೊಳಗೆ ಬೆವರು ನಿಂತು ಬೆರಳು ಜಾರುತ್ತಿದ್ದವು. ಐದು ಗಂಟೆಗೆ ಲ್ಯಾಬಿಗೆ ಬೀಗ ಬೇರೆ.

ನಾನಿದ್ದದ್ದು ಕೌಲ್‌ಬಜಾರಿನಲ್ಲಿ, ನಮ್ಮಪ್ಪನ ಅಕ್ಕ ಹುಲಿಗೆಮ್ಮತ್ತೆಯ ಮನೆಯಲ್ಲಿ. ಅತ್ತೆ ಜೀನ್ಸ್ ಹೊಲಿಯುವವಳು. ಮನೆಯ ಮುಂಗೋಣೆಯಲ್ಲೇ ಮಿಷಿನ್ನು, ಗೋಡೆಯುದ್ದಕ್ಕೂ ಕತ್ತರಿಸಿದ ಪ್ಯಾಂಟಿನ ಕಾಲುಗಳ ಗಂಟು. ಶಾಲೆಗೆ ಹೋದವಳಲ್ಲ. ಪ್ಯಾಂಟಿನ ಸೈಜಿನ ಅಂಕಿ ಮಾತ್ರ ಗುರುತು ಹಿಡಿಯುತ್ತಿದ್ದಳು. ಆದರೆ ಬಟ್ಟೆ ಮುಟ್ಟಿ ನೋಡಿ ಎರಡು ಸಲ ಒಗೆದರೆ ಎಷ್ಟು ಗಿಡ್ಡಾಗುತ್ತದೆ ಎಂದು ಹೇಳಿಬಿಡುತ್ತಿದ್ದಳು. ಅವಳ ಕೈಯಲ್ಲಿ ನೂಲು ಕೇಳಿದ ಮಾತು ಕೇಳುತ್ತಿತ್ತು.

ಲ್ಯಾಬಿನ ವಸ್ತು ಲ್ಯಾಬು ಬಿಟ್ಟು ಹೊರಗೆ ಹೋಗಕೂಡದು ಎನ್ನುವುದು ಪಂಪಾಪತಿ ಸರ್ ಅವರ ಮೊದಲನೇ ದಿನದ ಮೊದಲನೇ ಮಾತು. ಅದನ್ನು ಒಂದು ಸಂಜೆ ಮುರಿದೆ. ಒಣಗಿಸಿದ ಐದು ನೂಲುಗಳನ್ನೂ ಗಾಜಿನ ಪಟ್ಟಿಗಳನ್ನೂ ಊಟದ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ತಂದೆ.

ಅತ್ತೆ ಮಿಷಿನ್ನು ನಿಲ್ಲಿಸಿ ನೋಡಿದಳು. "ಇದೇನಲೇ ಗೌರಿ, ಇಷ್ಟು ಕರ್ರಗ? ಕೈಗೆ ಹತ್ತಿದ್ರ ಏನೂ ಆಗಂಗಿಲ್ಲಲ್ಲ?"

"ಕಾಡಿಗಿ ಇದ್ದಂಗ ಅತ್ತಿ. ಏನೂ ಆಗಂಗಿಲ್ಲ. ನೆಟ್ಟಗ ಎಳದು ಕಟ್ಟಿಕೊಟ್ರ ಸಾಕು."

"ಕೊಡಿಲ್ಲಿ. ಇಷ್ಟಕ್ಕ ಮಾರಿ ಸಣ್ಣ ಮಾಡ್ಕೊಂಡು ಬಂದೀಯಾ?"

ನಾನು ಚಹಾ ಮಾಡಿ ತರುವಷ್ಟರಲ್ಲಿ ಐದೂ ಮುಗಿದಿದ್ದವು. ನೂಲುಗಳು ಪಟ್ಟಿಯ ಮೇಲೆ ಗೆರೆ ಎಳೆದ ಹಾಗೆ ಕೂತಿದ್ದವು. ಮರುದಿನ ಅಳೆದರೆ, ನಾನು ಅಲ್ಲಿಯವರೆಗೆ ಕಾಣದ ಅಂಕಿ ಬಂತು. ಮೊದಲು ನಾನು ಕಟ್ಟಿದ್ದವುಗಳ ಹತ್ತನೇ ಒಂದು ಪಾಲು ತಡೆ. ನನ್ನ ಹಳೆಯ ನೂಲುಗಳು ಜೋತುಬಿದ್ದಿದ್ದವು, ಅದಕ್ಕೇ ಅವು ಕೆಟ್ಟಿದ್ದವು, ನೆಟ್ಟಗಿದ್ದರೆ ಹೀಗೇ ಬರಬೇಕು ಎಂದು ತಿಳಿದುಕೊಂಡೆ. ಹಳೆಯ ಅಂಕಿಗಳನ್ನು ಪುಸ್ತಕದಲ್ಲಿ ಅಡ್ಡಗೆರೆ ಹೊಡೆದು ತೆಗೆದುಹಾಕಿದೆ. ಸರ್ ಮೀಟರಿನ ಮುಂದೆ ಕನ್ನಡಕ ತೆಗೆದು ಹಾಕಿ, ತೆಗೆದು ಹಾಕಿ ನೋಡಿದರು. ಆಮೇಲೆ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತರಿಸಿದರು. ಮೇ ಮೊದಲ ವಾರ ಲೇಖನ ಹೋಯಿತು.

ಜೂನಿನಲ್ಲಿ ಪತ್ರಿಕೆಯಿಂದ ಉತ್ತರ ಬಂತು. ಚೆನ್ನಾಗಿದೆ, ಆದರೆ ಐದೇ ನೂಲು ಸಾಲದು, ಇನ್ನೂ ಹತ್ತು ಮಾಡಿ ಎಲ್ಲದರ ಅಂಕಿ ಕೊಡಿ ಎಂದು ಕೇಳಿದ್ದರು. ನ್ಯಾಯವಾದ ಮಾತೇ. ಅಷ್ಟರಲ್ಲಿ ಸರ್ ಪಟ್ಟಿಗೆ ಎರಡು ಸಣ್ಣ ಕ್ಲಿಪ್ಪು ಹಾಕಿಸಿದ್ದರು. ನಾನೇ ನೆಟ್ಟಗೆ ಕಟ್ಟಬಹುದಾಗಿತ್ತು. ಹತ್ತು ನೂಲು ಮಾಡಿದೆ. ಗೆರೆಯ ಹಾಗೆ ನೆಟ್ಟಗೇ ಇದ್ದವು. ಅಳೆದರೆ ಹತ್ತೂ ಹಳೆಯ ಕೆಟ್ಟ ಅಂಕಿಗೇ ಬಂದು ನಿಂತವು.

ಮತ್ತೆ ಮಾಡಿದೆ. ಅದೇ. ಸರ್ ಪಕ್ಕದಲ್ಲಿ ಕೂತು ಮಾಡಿಸಿದರು. ಅದೇ.

"ಮೊದಲಿನ ಐದು ಎಲ್ಲಿ ಕಟ್ಟಿದ್ದಿ?" ಎಂದು ಕೇಳಿದರು.

"ಇಲ್ಲೇ ಸರ್, ಈ ಟೇಬಲ್ ಮ್ಯಾಲೆ."

ಎರಡು ಕ್ಷಣದ ಸುಳ್ಳು. ಅದರ ಹಿಂದೆ ಆರು ವಾರ ಹೋದವು. ನಾನು ಟೇಬಲ್ಲು ಎಂದ ಮೇಲೆ ಅವರು ಟೇಬಲ್ಲಿನ ಮೇಲಿದ್ದದ್ದನ್ನೆಲ್ಲ ಅನುಮಾನಿಸಿದರು. ಬೆಳ್ಳಿಯ ಅಂಟು ಬದಲಿಸಿದೆವು. ಹೊಸ ಡಬ್ಬಿಯ ಕೊಳವೆ ಹಾಕಿ ನೋಡಿದೆವು. ಮೋಡ ಕಟ್ಟಿ, ಮಳೆ ಮಾತ್ರ ಬರದೆ, ಗಾಳಿಯಲ್ಲಿ ಬರೀ ಜಿಗುಟು ತುಂಬಿದ ದಿನಗಳವು. ಗಾಳಿಯ ತೇವವೇ ಕಾರಣವಿರಬಹುದು ಎಂದು ದಿನಕ್ಕೆ ಮೂರು ಸಲ ತೇವ ಬರೆದಿಟ್ಟೆವು. ಕೊನೆಗೆ ಮೀಟರೇ ಕೆಟ್ಟಿದೆಯೇನೋ ಎಂದು ಸರ್ ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕುಡತಿನಿಗೆ ಹೋದರು. ಮೀಟರು ತಾಳೆ ನೋಡುವುದನ್ನು ಬಲ್ಲ ಹಳೆಯ ಗೆಳೆಯರೊಬ್ಬರು ಅಲ್ಲಿದ್ದರು. ಸರ್ ಮೊದಲೇ ಮಂಡಿನೋವಿನ ಮನುಷ್ಯ. ಮಧ್ಯಾಹ್ನದ ಬಸ್ಸಿನಲ್ಲಿ ನಿಂತುಕೊಂಡೇ ವಾಪಸು ಬಂದು, ಮೀಟರು ಟೇಬಲ್ಲಿನ ಮೇಲಿಟ್ಟು, ಚೊಂಬು ನೀರು ಪೂರ್ತಿ ಕುಡಿದು ಹೇಳಿದರು: "ಮೀಟರ್ ಸರಿ ಐತಮ್ಮ. ಒಂದ ಸಲ ಬಂದ ಅಂಕಿ ಅಂದ್ರ ಬರಲಾರದ ಅಂಕಿ. ನಾವು ಎಲ್ಲೋ ಏನೋ ನೋಡವಲ್ಲಿವಿ."

ನನಗೆ ನಾಚಿಕೆಯಾಯಿತು. ನಾಚಿಕೆ ಎನ್ನುವುದು ಸಣ್ಣ ಮಾತು. ಆ ದಿನ ಅವರ ಮುಖ ನೋಡಿ ಮಾತಾಡಲು ಆಗಲಿಲ್ಲ. ಆದರೂ ಹೇಳಲಿಲ್ಲ. ಮತ್ತೆ ಮನೆಗೆ ಒಯ್ದು ಅತ್ತೆಯ ಕೈಯಲ್ಲೇ ಕಟ್ಟಿಸಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಟ್ಟುವುದರಲ್ಲಿ ಏನಿದೆ, ಅದು ಕೈಚಳಕ, ವಿಜ್ಞಾನವೆಲ್ಲ ಅದ್ದುವುದರಲ್ಲೂ ಅಳೆಯುವುದರಲ್ಲೂ ಇದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಓದಿದವಳ ಸೊಕ್ಕು ಅಂದರೆ ಇದೇ.

ಜುಲೈ ಕೊನೆಯ ಒಂದು ಸಂಜೆ ಮುಂಗೋಣೆಯ ಹೊಸ್ತಿಲ ಮೇಲೆ ಸುಮ್ಮನೆ ಕೂತಿದ್ದೆ. ಅತ್ತೆ ಮಿಷಿನ್ನಿಗೆ ಹೊಸ ನೂಲು ಹಾಕುತ್ತಿದ್ದಳು. ನೂಲಿನ ತುದಿಯನ್ನು ತುಟಿಯ ನಡುವೆ ಇಟ್ಟು ಸರ್ರನೆ ಎಳೆದು, ಚೂಪಾದ ಮೇಲೆ ಸೂಜಿಗೆ ಪೋಣಿಸಿದಳು. ಕೌಲ್‌ಬಜಾರಿನ ಹೊಲಿಯುವ ಹೆಂಗಸರೆಲ್ಲ ಮಾಡುವುದೇ ಹಾಗೆ. ಐದು ವರ್ಷದಿಂದ ದಿನಾ ನೋಡಿದ್ದೆ.

"ನಿನ್ನ ನೂಲಿಗಿಂತ ಇದು ಪಾಡು. ಸಾಬೂನು ಉಗಳೋದು ಇಲ್ಲ" ಎಂದಳು.

"ಏನು ಸಾಬೂನು?"

"ಅವತ್ತು ತಂದಿದ್ದಿಯಲ್ಲ, ಆ ಕರೇ ನೂಲು. ಬಾಯಾಗ ಇಟ್ರ ಬರೇ ಸಾಬೂನು. ಮೂರ್ನಾಕು ಸಲ ಉಗುಳಿ ಉಗುಳಿ ಎಳದೆ."

"ಬಾಯಾಗ ಇಟ್ಕೊಂಡಿದ್ದೇನು? ಐದೂ?"

"ಮತ್ತ? ಈ ತುದಿಯಿಂದ ಆ ತುದಿ ಮಟ ಒದ್ದಿ ಮಾಡಿ ಎಳೀಲಿಲ್ಲಂದ್ರ ಆ ನೂಲು ನೆಟ್ಟಗ ಕುಂದರತೈತೇನು?"

ಎರಡು ವಿಷಯ ಒಟ್ಟಿಗೇ ಗೊತ್ತಾಗಿತ್ತು. ಮೊದಲನೆಯದು ಆರು ವಾರ ನಾವು ಹುಡುಕಿದ್ದು. ಕೊಳವೆಗಳು ಬೇರೆ ಬೇರೆ ಇರಲಿ ಎಂದು ನಾನು ಹಾಕಿದ ಸಾಬೂನು ನೂಲು ಒಣಗಿದ ಮೇಲೂ ಅವುಗಳ ನಡುವೆಯೇ ಉಳಿದಿತ್ತು. ತೊಳೆದರೆ ಕೊಳವೆಗಳೇ ಹೋದಾವೆಂಬ ಭಯಕ್ಕೆ ನಾನು ತೊಳೆದಿರಲಿಲ್ಲ. ಅತ್ತೆ ಬಾಯಲ್ಲಿ ಎಳೆದಾಗ ಆ ಸಾಬೂನು ಹೋಯಿತು. ಒದ್ದೆಯಾದ ಕೊಳವೆಗಳು ತುಟಿಯ ಒತ್ತಡಕ್ಕೆ ಒಂದೇ ದಿಕ್ಕಿಗೆ ಮಲಗಿ, ಒಣಗುವಾಗ ಒಂದಕ್ಕೊಂದು ಬಿಗಿಯಾಗಿ ಕೂತವು. ಸರ್ ನೂರು ಸಲ ಹೇಳಿದ ಬಸ್ ಬದಲಿಸುವ ಜಾಗವನ್ನು ಅತ್ತೆ ಸರಿಮಾಡಿದ್ದಳು. ಎರಡನೆಯದು, ಆ ಸಾಬೂನಿನ ಜೊತೆ ಅವಳ ಬಾಯಿಗೆ ಇನ್ನೇನೇನು ಹೋಗಿತ್ತು ಎನ್ನುವುದು.

ಮಾರನೆಯ ದಿನ ಭಾನುವಾರ. ಬೆಳಗಿನ ಬಸ್ಸು ಹಿಡಿದು ಕುರುಗೋಡಿಗೆ ಹೋದೆ. ದಾರಿಯುದ್ದಕ್ಕೂ ಮಳೆ ಹನಿಯುತ್ತಿತ್ತು, ಆ ವರ್ಷದ ಮೊದಲ ನಿಜವಾದ ಮಳೆ. ಸರ್ ಪಡಸಾಲೆಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಅವರ ಹೆಂಡತಿ ಮಜ್ಜಿಗೆ ಕೊಟ್ಟರು. ಲೋಟ ಕೈಯಲ್ಲೇ ಹಿಡಿದುಕೊಂಡು ಎಲ್ಲ ಹೇಳಿದೆ. ಊಟದ ಡಬ್ಬಿ, ಅತ್ತೆ, ಬಾಯಿ, ಟೇಬಲ್ಲಿನ ಸುಳ್ಳು.

ಅವರು ಅಂಕಿಯ ಮಾತೇ ಎತ್ತಲಿಲ್ಲ. "ನಿಮ್ಮತ್ತಿ ಅದನ್ನ ಬಾಯಾಗ ಇಟ್ಕೊಂಡ್ರಾ?" ಎಂದರು. ನಾನು ಹೌದೆಂದೆ. ಎದ್ದು ನಿಂತರು. ಐದು ವರ್ಷದಲ್ಲಿ ಅವರು ದನಿ ಏರಿಸಿದ್ದು ಅದೊಂದೇ ಸಲ.

"ಡಬ್ಬಿ ಮ್ಯಾಲೆ ಏನ್ ಬರದೈತಿ, ನೀನು ಓದಿಲ್ಲ? ಉಸಿರಿಗೆ, ಬಾಯಿಗೆ ಹೋಗಬಾರದು ಅಂತ ಬರದಿಲ್ಲ? ನಾನು ಕುಡತಿನಿಗೆ ಹೋಗಿದ್ದು ಹೋಗ್ಲಿ. ಹೆಣ್ಣುಮಗಳ ಜೀವದ ಜೋಡಿ ಆಟ ಆಡ್ತೀಯಾ? ನಾಳೆ ಮೊದಲ ಆಸ್ಪತ್ರಿಗೆ ಕರ್ಕೊಂಡು ಹೋಗು. ಆಮ್ಯಾಲೆ ಲ್ಯಾಬು."

ಸ್ವಲ್ಪ ಹೊತ್ತಾದ ಮೇಲೆ ಕೂತರು. ಪತ್ರಿಕೆಗೆ ತಾವೇ ಬರೆಯುವುದಾಗಿಯೂ, ಆ ಐದು ಅಂಕಿಗಳನ್ನು ವಾಪಸು ತೆಗೆದುಕೊಳ್ಳುವುದಾಗಿಯೂ ಹೇಳಿದರು. ಹಾಗೆ ಮಾಡಿದರೆ ನನ್ನ ಫೆಲೋಶಿಪ್ಪಿನೊಳಗೆ ಲೇಖನ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಬೇಡವೆನ್ನಲಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಲ್ಯಾಬಿನಲ್ಲಿ ಕೈಗವಸು, ಮುಖಗವಸು ಹಾಕಿಕೊಂಡು ಎರಡು ಒದ್ದೆ ಸ್ಪಂಜಿನ ನಡುವೆ ನೂಲನ್ನು ನಾಲ್ಕು ಸಲ ಎಳೆದೆವು. ಹತ್ತರಲ್ಲಿ ಏಳು ನೂಲು ಚೆನ್ನಾಗಿ ಬಂದವು, ಮೂರು ಬರಲಿಲ್ಲ. ಬಂದ ಏಳರ ತಡೆಯೂ ಅತ್ತೆಯ ನೂಲಿನದರ ಸುಮಾರು ಎರಡು ಪಟ್ಟಿತ್ತು. ಸರ್ ಹತ್ತನ್ನೂ ಬರೆಸಿದರು, ಅಡ್ಡಗೆರೆ ಹೊಡೆದ ಹಳೆಯವನ್ನೂ ಸೇರಿಸಿದರು. ಫೆಲೋಶಿಪ್ಪು ಮುಗಿಯಿತು. ಒಂದು ವರ್ಷ ತೆಕ್ಕಲಕೋಟೆಯಲ್ಲಿ ಟ್ಯೂಷನ್ ಹೇಳಿಕೊಂಡು ಪ್ರಬಂಧ ಬರೆದೆ. ಲೇಖನ ತಡವಾಗಿ, ಸಣ್ಣ ಪತ್ರಿಕೆಯೊಂದರಲ್ಲಿ ಬಂತು. ಪದವಿ ಸಿಕ್ಕಿತು, ಕೆಲಸವೂ ಸಿಕ್ಕಿತು.

ಆಸ್ಪತ್ರೆಯ ಮಾತನ್ನು ನಡುವೆ ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ. ಬರೆಯಲು ಕೈ ಬರಲಿಲ್ಲ.

ಕುರುಗೋಡಿನಿಂದ ಬಂದ ಮರುದಿನವೇ ಅತ್ತೆಯನ್ನು ಕರೆದುಕೊಂಡು ಹೋದೆ. ಮನೆಯಲ್ಲಿ ಹೇಳಿದ್ದು ಸುಮ್ಮನೆ ಒಂದು ತಪಾಸಣೆ ಎಂದು. ಅದೂ ಅರ್ಧ ಸುಳ್ಳು. ಡಬ್ಬಿಯ ಮೇಲಿನ ಚೀಟಿಯ ಫೋಟೋ ಮೊಬೈಲಿನಲ್ಲಿತ್ತು. ಡಾಕ್ಟರಿಗೆ ತೋರಿಸಿ, ನಡೆದದ್ದನ್ನು ಅತ್ತೆಯ ಎದುರಿಗೇ ಹೇಳಬೇಕಾಯಿತು. ಡಾಕ್ಟರು ಚೀಟಿಯನ್ನು ದೊಡ್ಡದು ಮಾಡಿ ಓದಿದರು. ಬಾಯಿ, ಗಂಟಲು ನೋಡಿದರು, ಎದೆಯ ಎಕ್ಸ್‌ರೇ ತೆಗೆಸಿದರು. ಭಯವಿರುವುದು ಮುಖ್ಯವಾಗಿ ಒಣ ಪುಡಿ ಉಸಿರಿಗೆ ಹೋದರೆ, ನೂಲಿಗೆ ಅಂಟಿದ್ದರಿಂದ ಹೋದದ್ದು ಕಡಿಮೆಯಿರಬೇಕು, ಸದ್ಯಕ್ಕೆ ಏನೂ ಕಾಣುವುದಿಲ್ಲ ಎಂದರು. ಏನೂ ಆಗುವುದೇ ಇಲ್ಲ ಎಂದು ಮಾತ್ರ ಹೇಳಲಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಲು ಹೇಳಿ, ಹೊಲಿಗೆ ಮನೆಯ ಬಟ್ಟೆಯ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಬೈದು ಕಳಿಸಿದರು.

ಹೊರಗಿನ ಬೆಂಚಿನ ಮೇಲೆ ಕೂತೆವು. ಅತ್ತೆ ಎಕ್ಸ್‌ರೇ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಬರೆದಿದ್ದ ತನ್ನ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದಳು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

"ಆ ಡಾಕ್ಟರ್ ಓದಿದ್ರಲ್ಲ, ಡಬ್ಬಿ ಮ್ಯಾಲಿಂದು. ಅದನ್ನ ನೀನು ಯಾವಾಗ ಓದಿದ್ದಿ?"

"ಮೊದಲ ಓದಿದ್ದೆ ಅತ್ತಿ. ಡಬ್ಬಿ ಬಂದ ದಿನಾನ."

"ನನಗ ನೂಲು ಕೊಡೋಕಿಂತ ಮೊದಲ?"

"ಮೊದಲ."

ಅವಳು ತಲೆಯಾಡಿಸಿದಳು. ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮಿಷಿನ್ನಿನ ಸೂಜಿ ಮುರಿದಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದಳು.

"ನನಗ ಓದಾಕ ಬರಂಗಿಲ್ಲ. ಅದಕ್ಕ ಅವತ್ತು ನಿನ್ನ ಕೇಳಿದ್ದೆ."